ಬಳ್ಳಾರಿಯಲ್ಲಿ ಮನೆಬೆಕ್ಕನ್ನು ಯಾರ ಕೈಗೆ ಒಪ್ಪಿಸಿ ಊರಿಗೆ ಹೋಗುವುದು?

ಮಾರ್ಚ್ ಬಂತೆಂದರೆ ಈ ಪ್ರಶ್ನೆ ಶುರುವಾಗುತ್ತದೆ. "ಮದುವೆಗೆ ನಾಲ್ಕು ದಿನ ಹೋಗಬೇಕು, ಬೆಕ್ಕನ್ನು ಏನು ಮಾಡೋದು?" ದಸರಾ, ದೀಪಾವಳಿ ಹತ್ತಿರ ಬಂದಾಗ ಮತ್ತೆ ಅದೇ. ಬೆಂಗಳೂರಿನಲ್ಲಾದರೆ ಮೊಬೈಲ್ ತೆಗೆದು ಹುಡುಕಿದರೆ ನಾಲ್ಕಾರು ಹೆಸರು ಬರುತ್ತವೆ. ಬಳ್ಳಾರಿಯಲ್ಲಿ ಇದನ್ನೇ ಕೆಲಸ ಮಾಡಿಕೊಂಡವರು ಸಿಗುವುದು ಅಪರೂಪ. ಅಂಥವರನ್ನು ಇಲ್ಲಿ ನಾವೇ ತಯಾರು ಮಾಡಿಕೊಳ್ಳಬೇಕು. ಅದಕ್ಕೆ ಕನಿಷ್ಠ ಮೂರು ವಾರ ಮೊದಲೇ ಶುರುಮಾಡಿ. ಹಂಪಿ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿಸುವ ದಿನವೇ ಈ ಕೆಲಸಕ್ಕೂ ಕೈ ಹಾಕಿದರೆ ಒಳ್ಳೆಯದು.

ಇಲ್ಲಿ ಹೇಳುವುದೆಲ್ಲ ಮನೆಯೊಳಗೇ ಬೆಳೆದ, ಬೀದಿ ಗೊತ್ತಿಲ್ಲದ ಬೆಕ್ಕುಗಳ ಬಗ್ಗೆ. ಓಣಿಯೆಲ್ಲ ಸುತ್ತಿ ಬಂದು ಊಟದ ಹೊತ್ತಿಗೆ ಹಾಜರಾಗುವ ಬೆಕ್ಕಿನ ಲೆಕ್ಕವೇ ಬೇರೆ.

1. ಬೆಕ್ಕು ಎಲ್ಲಿರಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿ

ಮೂರು ದಾರಿಗಳಿವೆ. ಬೆಕ್ಕು ನಿಮ್ಮ ಮನೆಯಲ್ಲೇ ಇದ್ದು, ಒಬ್ಬರು ಬಂದು ನೋಡಿಕೊಂಡು ಹೋಗುವುದು. ಅವರು ನಿಮ್ಮ ಮನೆಯಲ್ಲೇ ಉಳಿಯುವುದು. ಇಲ್ಲವೇ ಬೆಕ್ಕನ್ನು ಬೇರೆ ಕಡೆ ಬಿಡುವುದು, ಇದಕ್ಕೆ ಬೋರ್ಡಿಂಗ್ ಅನ್ನುತ್ತಾರೆ.

ನಾನು ಮೊದಲನೆಯದನ್ನೇ ಹೇಳುತ್ತೇನೆ. ನಾಯಿ ಮನುಷ್ಯರಿಗೆ ಅಂಟಿಕೊಂಡಷ್ಟೇ ಬೆಕ್ಕು ಜಾಗಕ್ಕೆ ಅಂಟಿಕೊಳ್ಳುತ್ತದೆ. ತನ್ನ ವಾಸನೆ ಇರುವ ಮೂಲೆ, ತನ್ನ ಕಿಟಕಿ ಇದ್ದರೆ ನೀವು ಇಲ್ಲದ ನಾಲ್ಕು ದಿನವನ್ನು ಹೇಗೋ ಕಳೆಯುತ್ತದೆ. ಹೊಸ ಮನೆಗೆ ಒಯ್ದರೆ ಎಷ್ಟೋ ಬೆಕ್ಕುಗಳು ಮಂಚದ ಕೆಳಗೆ ಸೇರಿ ಊಟ ಬಿಡುತ್ತವೆ. ಊಟ ಬಿಡುವುದು ಬೆಕ್ಕಿಗೆ ಸಣ್ಣ ವಿಷಯ ಅಲ್ಲ. ಅದರಲ್ಲೂ ದಪ್ಪಗಿರುವ ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯ ಬರಬಹುದು.

ಬೋರ್ಡಿಂಗೇ ಗತಿ ಅಂತಾದರೆ ಒಮ್ಮೆ ಕಣ್ಣಾರೆ ನೋಡಿ ಬನ್ನಿ. ನಾಯಿಗಳ ಪಕ್ಕದಲ್ಲೇ ಬೆಕ್ಕಿನ ಪಂಜರ ಇದ್ದರೆ ವಾಪಸ್ ಬಂದುಬಿಡಿ. ಲಸಿಕೆಯ ಕಾರ್ಡ್ ಕೇಳದೆ ಬೆಕ್ಕನ್ನು ಒಳಗೆ ಬಿಟ್ಟುಕೊಳ್ಳುವ ಜಾಗವೂ ಬೇಡ. ನಿಮ್ಮದನ್ನು ಕೇಳದವರು ಬೇರೆಯವರದ್ದನ್ನೂ ಕೇಳಿರುವುದಿಲ್ಲ, ಅಲ್ವಾ?

"ಎರಡೇ ದಿನ ತಾನೇ, ಬಟ್ಟಲು ತುಂಬಿಸಿಟ್ಟು ಹೋಗೋಣ" ಅನ್ನುವವರೂ ಇದ್ದಾರೆ. ಬೇಡ. ದಿನಕ್ಕೆ ಒಂದು ಸಲವಾದರೂ ಒಬ್ಬರು ಬಂದು ನೋಡಲೇಬೇಕು. ಎರಡು ಸಲವಾದರೆ ಚೆನ್ನ. ಆರು ತಿಂಗಳ ಒಳಗಿನ ಮರಿ, ಔಷಧಿ ನಡೆಯುತ್ತಿರುವ ಬೆಕ್ಕು ಇದ್ದರೆ ಎರಡು ಸಲವೂ ಸಾಲದು, ಮನೆಯಲ್ಲೇ ಉಳಿಯುವವರು ಬೇಕು. ಹೊತ್ತಿಗೆ ಸರಿಯಾಗಿ ಊಟ ಸುರಿಯುವ ಯಂತ್ರಗಳು ಈಗ ಸಿಗುತ್ತವೆ. ಅವು ಊಟ ಹಾಕುತ್ತವೆ, ಬೆಕ್ಕು ತಿಂತೋ ಇಲ್ಲವೋ ಹೇಳುವುದಿಲ್ಲ. ಕರೆಂಟ್ ಹೋದಾಗ ಅದೂ ಇಲ್ಲ.

2. ಯಾರನ್ನು ಕೇಳಬೇಕು

ಬೆಕ್ಕೆಂದರೆ ಪ್ರಾಣ ಅನ್ನುವವರನ್ನು ಹುಡುಕಲು ಹೋಗಬೇಡಿ. ಬಾಗಿಲು ಸರಿಯಾಗಿ ಹಾಕುವವರನ್ನು, ಹೇಳಿದ ಹೊತ್ತಿಗೆ ಬರುವವರನ್ನು ಹುಡುಕಿ. ಪ್ರೀತಿ ಇದ್ದರೆ ಒಳ್ಳೆಯದೇ. ಆದರೆ "ಅಯ್ಯೋ, ಬಿಸಿಲಲ್ಲಿ ಪಾಪ" ಅಂತ ಬಾಲ್ಕನಿ ಬಾಗಿಲು ತೆರೆದಿಟ್ಟು ಹೋಗುವವರು ಪ್ರೀತಿ ಇರುವವರೇ.

ಮೊದಲ ಆಯ್ಕೆ ಅದೇ ಕಟ್ಟಡದವರು ಅಥವಾ ಎರಡು ಮನೆ ಆಚೆಯವರು. ಬಾಡಿಗೆ ಮನೆಯಲ್ಲಿದ್ದರೆ ಕೆಳಗಿರುವ ಮನೆ ಓನರ್ ಆಂಟಿಯನ್ನು ಕೇಳಿ. ಅವರು ಒಪ್ಪದಿದ್ದರೂ ಹೊಸಬರೊಬ್ಬರು ಬಂದು ಹೋಗುತ್ತಾರೆ ಅನ್ನುವುದು ಅವರಿಗೆ ಗೊತ್ತಿರಬೇಕು. ಇಲ್ಲದಿದ್ದರೆ ಗೇಟಿನಲ್ಲೇ ಜಗಳ. ಮನೆಕೆಲಸಕ್ಕೆ ಬರುವ ಅಕ್ಕನೂ ಒಳ್ಳೆಯ ಆಯ್ಕೆ. ಬೆಕ್ಕಿಗೆ ಅವರ ಕಾಲ್ಸಪ್ಪಳ, ವಾಸನೆ ಮೊದಲೇ ಪರಿಚಯ. ಅವರಿಗೆ ನಿಮ್ಮ ಮನೆಯ ಚಿಲಕಗಳು ಪರಿಚಯ.

ಎರಡನೆಯದು ವಿದ್ಯಾರ್ಥಿಗಳು. ಮೆಡಿಕಲ್ ಕಾಲೇಜಿನ (ಹಳೇ ಹೆಸರು ವಿಮ್ಸ್) ಸುತ್ತಮುತ್ತ ರೂಮ್ ಮಾಡಿಕೊಂಡಿರುವ, ತಮ್ಮ ಊರಿನ ಮನೆಯಲ್ಲಿ ಬೆಕ್ಕು ಸಾಕಿದ ಹುಡುಗ ಹುಡುಗಿಯರು ಖುಷಿಯಿಂದ ಒಪ್ಪುತ್ತಾರೆ. ಪರೀಕ್ಷೆಯ ದಿನಾಂಕ ಮಾತ್ರ ಮೊದಲೇ ಕೇಳಿಕೊಳ್ಳಿ. ಹಬ್ಬಕ್ಕೆ ಅವರೂ ಊರಿಗೆ ಹೋಗುತ್ತಾರೆ ಅನ್ನುವುದನ್ನು ಮರೆಯಬೇಡಿ. ಹುಡುಗಿಯೊಬ್ಬಳು ಖಾಲಿ ಮನೆಗೆ ಬಂದು ಹೋಗುವುದಾದರೆ ಕತ್ತಲಾಗುವ ಮೊದಲಿನ ಹೊತ್ತು ಗೊತ್ತುಮಾಡಿ. ಜೊತೆಗೆ ಗೆಳತಿಯನ್ನು ಕರೆತರಲಿ.

ಮೂರನೆಯದು ಬೆಕ್ಕು ಸಾಕಿರುವ ಇನ್ನೊಂದು ಮನೆ. ಈ ಸಲ ನಿಮ್ಮದನ್ನು ಅವರು, ಮುಂದಿನ ಸಲ ಅವರದ್ದನ್ನು ನೀವು. ದುಡ್ಡಿನ ಮಾತೇ ಇಲ್ಲ. ಇಂಥ ಮನೆಗಳು ಎಲ್ಲಿವೆ ಅನ್ನುವುದು ನಿಮ್ಮ ಪಶುವೈದ್ಯರಿಗೆ, ಬೆಕ್ಕಿನ ಊಟ ಮಾರುವ ಅಂಗಡಿಯವರಿಗೆ ಗೊತ್ತಿರುತ್ತದೆ. ಕೌಲ್ ಬಜಾರ್ ಕಡೆ ತಲೆಮಾರುಗಳಿಂದ ಬೆಕ್ಕು ಸಾಕಿದ ಮನೆಗಳಿವೆ. ಅಲ್ಲಿ ಕೇಳಿದರೆ ನಿಮಗಿಂತ ಜಾಸ್ತಿ ಗೊತ್ತಿರುವ ಅಜ್ಜಿಯೇ ಸಿಕ್ಕಾರು. ಒಂದು ಎಚ್ಚರಿಕೆ: ಬೆಕ್ಕುಗಳಿಗೆ ಬರುವ ಪ್ಯಾನ್‌ಲ್ಯೂಕೋಪೀನಿಯಾ ಅನ್ನುವ ವಾಂತಿ-ಭೇದಿಯ ರೋಗ ಕೈ, ಬಟ್ಟೆ, ಚಪ್ಪಲಿಯ ಮೂಲಕವೂ ಮನೆಯಿಂದ ಮನೆಗೆ ಹೋಗುತ್ತದೆ. ಅದರ ವೈರಸ್ ನೆಲದ ಮೇಲೆ ತಿಂಗಳುಗಟ್ಟಲೆ ಉಳಿಯಬಲ್ಲದು. ಬೆಕ್ಕಿರುವ ಮನೆಯಿಂದ ಬರುವವರು ಚಪ್ಪಲಿ ಹೊರಗೆ ಬಿಟ್ಟು, ಸೋಪಿನಿಂದ ಕೈ ತೊಳೆದು ಒಳಗೆ ಬರಬೇಕು. ಈ ರೋಗಕ್ಕೆ ಲಸಿಕೆ ಇದೆ. ಅದನ್ನೂ ರೇಬೀಸ್ ಲಸಿಕೆಯನ್ನೂ ಹೊರಡುವ ಹಿಂದಿನ ದಿನ ಹಾಕಿಸಿದರೆ ಪ್ರಯೋಜನ ಇಲ್ಲ. ವಾರಗಳ ಮೊದಲೇ ಮುಗಿಸಿ.

ಯಾರನ್ನು ಕೇಳಬಾರದು? ಗರ್ಭಿಣಿಯರಿಗೆ ಬೆಕ್ಕಿನ ಮಲ ತೆಗೆಯುವ ಕೆಲಸ ಹೇಳಬೇಡಿ. ಅದರಿಂದ ಟೊಕ್ಸೊಪ್ಲಾಸ್ಮೋಸಿಸ್ ಅನ್ನುವ ಸೋಂಕು ತಗಲಿದರೆ ಹೊಟ್ಟೆಯ ಮಗುವಿಗೆ ತೊಂದರೆ. ಮೀನು, ಕೋಳಿಯ ವಾಸನೆಯನ್ನೇ ಸಹಿಸದ ಮನೆಯವರನ್ನು ದಾಕ್ಷಿಣ್ಯಕ್ಕೆ ಸಿಕ್ಕಿಸಬೇಡಿ. ಅವರು ಹೂಂ ಅನ್ನುತ್ತಾರೆ, ಆಮೇಲೆ ಹಾಲು ಮೊಸರನ್ನ ಇಟ್ಟು ಹೋಗುತ್ತಾರೆ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣ ಆಗುವುದಿಲ್ಲ, ಭೇದಿ ಶುರುವಾಗುತ್ತದೆ.

3. ಕೂತು ಮಾತಾಡಿ

"ಬೆಕ್ಕು ಇಷ್ಟಾನಾ?" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಆ ಪ್ರಶ್ನೆ ಬಿಡಿ. ಹೀಗೆ ಕೇಳಿ:

"ನೀವು ಬಾಗಿಲು ತೆಗೆದ ಕೂಡಲೇ ಬೆಕ್ಕು ಓಡಿ ಬಂತು, ಏನು ಮಾಡ್ತೀರಿ?" ಮೊದಲು ಕಾಲು ಅಡ್ಡ ಇಟ್ಟು ಬಾಗಿಲು ಸಣ್ಣಗೆ ತೆಗೀತೀನಿ ಅನ್ನುವವರು ಸಿಕ್ಕರೆ ನಿಮ್ಮ ಅದೃಷ್ಟ.

"ಬಂದಾಗ ಬೆಕ್ಕು ಮಂಚದ ಕೆಳಗೆ ಕೂತಿದೆ, ಹೊರಗೆ ಬರ್ತಿಲ್ಲ. ಆಗ?" ಕಾಲು ಹಿಡಿದು ಎಳೀತೀನಿ ಅಂದರೆ ಬೇಡ. ಕಣ್ಣಿಂದ ನೋಡಿ, ಊಟ ಇಟ್ಟು, ಸುಮ್ನೆ ಸ್ವಲ್ಪ ಹೊತ್ತು ಕೂತಿರ್ತೀನಿ ಅಂದರೆ ಸಾಕು.

"ಒಂದು ದಿನ ನಿಮಗೆ ಬರೋಕಾಗಲಿಲ್ಲ. ಯಾರಿಗೆ ಹೇಳ್ತೀರಿ?" ಇದಕ್ಕೆ ಉತ್ತರ ಇಬ್ಬರೂ ಸೇರಿ ಹುಡುಕಬೇಕು. ಇನ್ನೊಂದು ಕೀಲಿ ಮತ್ತು ಇನ್ನೊಬ್ಬ ವ್ಯಕ್ತಿ ಇಲ್ಲದೆ ಊರು ಬಿಡಬೇಡಿ.

ಅವರು ಮೊದಲು ಬೇರೆಯವರ ಬೆಕ್ಕು ನೋಡಿಕೊಂಡಿದ್ದರೆ ಆ ಮನೆಯವರ ನಂಬರ್ ತೆಗೆದುಕೊಂಡು ಮಾತಾಡಿ. "ಹೇಗೆ ನೋಡಿಕೊಂಡರು?" ಅಂತ ಮಾತ್ರ ಕೇಳಬೇಡಿ. "ಇನ್ನೊಂದು ಸಲ ಅವರಿಗೇ ಹೇಳ್ತೀರಾ?" ಅಂತ ಕೇಳಿ. ಅತ್ತ ಕಡೆ ಒಂದು ಕ್ಷಣ ಮಾತು ನಿಂತರೆ ಅರ್ಥ ಮಾಡಿಕೊಳ್ಳಿ. ಪರಿಚಯವೇ ಇಲ್ಲದವರಾದರೆ ಗುರುತಿನ ಚೀಟಿಯ ಪ್ರತಿ ಕೇಳುವುದರಲ್ಲಿ ಸಂಕೋಚ ಬೇಡ. ಮನೆಯಲ್ಲಿ ಕ್ಯಾಮೆರಾ ಇದ್ದರೆ ಎಲ್ಲಿದೆ ಅಂತ ನೀವೂ ಬಾಯಿ ಬಿಟ್ಟು ಹೇಳಿ. ಬಚ್ಚಿಟ್ಟ ಕ್ಯಾಮೆರಾ ಆಮೇಲೆ ಗೊತ್ತಾದರೆ ಅವರು ಮತ್ತೆ ನಿಮ್ಮ ಮನೆ ಮೆಟ್ಟಿಲು ಹತ್ತುವುದಿಲ್ಲ. ಹತ್ತಲೂಬಾರದು.

4. ಬಳ್ಳಾರಿ ಬಿಸಿಲಿಗೆ ಮನೆಯನ್ನು ಸಿದ್ಧ ಮಾಡಿ

ಬೇರೆ ಊರಿನವರಿಗೆ ಬರೆದ ಸಲಹೆಗಳಲ್ಲಿ ಈ ಭಾಗ ಎರಡೇ ಸಾಲು ಇರುತ್ತದೆ. ನಮಗೆ ಇದೇ ಮುಖ್ಯ.

ಏಪ್ರಿಲ್, ಮೇನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ತಾರಸಿಯ ಕೆಳಗಿನ ಮನೆ, ಕಿಟಕಿಯೆಲ್ಲ ಮುಚ್ಚಿದೆ, ಫ್ಯಾನ್ ಇಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಒಳಗೆ ಹೇಗಿರುತ್ತದೆ ಅಂತ ನೀವೇ ಒಮ್ಮೆ ಕೂತು ನೋಡಿ. ಎಸಿ ಹಾಕಿ ರೂಮಿನ ಬಾಗಿಲು ಮುಚ್ಚಿ ಹೋಗುವುದು ಇನ್ನೂ ಅಪಾಯ. ಕರೆಂಟ್ ಹೋದರೆ ಬೆಕ್ಕು ಆ ಪೆಟ್ಟಿಗೆಯಲ್ಲಿ ಸಿಕ್ಕಿಬೀಳುತ್ತದೆ. ಒಳಗಿನ ಬಾಗಿಲುಗಳೆಲ್ಲ ತೆರೆದಿರಲಿ. ತಾನಾಗಿ ಮುಚ್ಚಿಕೊಳ್ಳದ ಹಾಗೆ ಹಿಂದೆ ಭಾರ ಇಡಿ. ತಣ್ಣಗಿರುವ ಜಾಗವನ್ನು ಬೆಕ್ಕು ತಾನೇ ಹುಡುಕಿಕೊಳ್ಳುತ್ತದೆ, ಹೆಚ್ಚಾಗಿ ಅದು ಬಚ್ಚಲ ನೆಲ. ಗಟ್ಟಿ ಜಾಲರಿ ಇರುವ ಒಂದೆರಡು ಕಿಟಕಿ ತೆರೆದಿಡಬಹುದು. ಸೊಳ್ಳೆ ಪರದೆಯ ನೈಲಾನ್ ಜಾಲರಿ ಬೆಕ್ಕಿನ ಉಗುರಿಗೆ ತಡೆಯುವುದಿಲ್ಲ. ತಂತಿ ಜಾಲರಿಯೇ ಬೇಕು. ಬಾಲ್ಕನಿಗೆ ಪಾರಿವಾಳದ ನೆಟ್ ಹಾಕಿಸಿದ್ದರೂ ಮೂಲೆಗಳನ್ನು ಎಳೆದು ನೋಡಿ, ಅಲ್ಲೇ ಮೊದಲು ಸಡಿಲಾಗುವುದು.

ನೀರು ಒಂದೇ ಕಡೆ ಬೇಡ. ಮೂರು ನಾಲ್ಕು ಕಡೆ, ಅಗಲ ಬಾಯಿಯ ಭಾರದ ಬಟ್ಟಲಲ್ಲಿ ಇಡಿ. ಮಣ್ಣಿನ ಬಟ್ಟಲಾದರೆ ನೀರು ತಂಪಾಗಿಯೂ ಇರುತ್ತದೆ. ನಲ್ಲಿ ನೀರು ಬರುವ ದಿನಕ್ಕೆ ಕಾದು ಡ್ರಮ್ಮು, ಬಕೆಟ್ಟು ತುಂಬಿಡುವುದು ನಮಗೆಲ್ಲ ರೂಢಿ. ಎಲ್ಲಕ್ಕೂ ಮುಚ್ಚಳ ಹಾಕಿ. ಅರ್ಧ ತುಂಬಿದ ಡ್ರಮ್ಮಿಗೆ ಬಿದ್ದ ಬೆಕ್ಕು ಹೊರಗೆ ಬರಲಾರದು. ಕುಡಿಯುವ ನೀರಿನ ಕ್ಯಾನ್ ಒಂದನ್ನು ಬೆಕ್ಕಿಗೆ ಅಂತಲೇ ತುಂಬಿಸಿಟ್ಟು ಹೋಗಿ.

ಇನ್ನು ದಾರ. ಮನೆಯಲ್ಲಿ ಜೀನ್ಸ್ ಹೊಲಿಗೆಯ ಕೆಲಸ ನಡೆಯುತ್ತಿದ್ದರೆ ಇದನ್ನು ಎರಡು ಸಲ ಓದಿ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಒಳಕ್ಕೆ ಬಾಗಿರುತ್ತವೆ. ಬಾಯಿಗೆ ಹೋದ ದಾರವನ್ನು ಉಗುಳಲು ಅದಕ್ಕೆ ಆಗುವುದಿಲ್ಲ, ನುಂಗುತ್ತಲೇ ಹೋಗುತ್ತದೆ. ಹೊಟ್ಟೆಗೆ ಹೋದ ಉದ್ದ ದಾರ ಕರುಳನ್ನು ಸುಕ್ಕುಗಟ್ಟಿಸಿ ಕೊಯ್ದುಬಿಡಬಹುದು. ಆಗ ಆಪರೇಷನ್ನೇ ದಾರಿ. ಉಂಡೆ, ತುಂಡು ದಾರ, ಸೂಜಿ ಎಲ್ಲ ಮಿಷನ್ ಸಮೇತ ಒಂದು ರೂಮಿಗೆ ಹಾಕಿ ಬೀಗ ಹಾಕಿ. ಬಾಯಿಂದಲೋ ಹಿಂದಿನಿಂದಲೋ ದಾರ ಇಣುಕಿದರೆ ಎಳೆಯಬಾರದು ಅಂತ ನೋಡಿಕೊಳ್ಳುವವರಿಗೆ ಹೇಳಿಡಿ. ನೇರ ವೈದ್ಯರ ಹತ್ತಿರ ಹೋಗಬೇಕು.

ಬೀರುವಿನ ನುಸಿ ಗುಳಿಗೆ, ಇಲಿ ಪಾಷಾಣ, ನೆಲ ಒರೆಸುವ ಫಿನಾಯಿಲ್, ಮಾತ್ರೆಗಳ ಡಬ್ಬಿ ಮೇಲೆ ಇಡಿ. ಅದರಲ್ಲೂ ಪ್ಯಾರಾಸಿಟಮಾಲ್. ನಮಗೆ ಜ್ವರಕ್ಕೆ ಕೊಡುವ ಆ ಮಾತ್ರೆ ಒಂದೇ ಒಂದು ಸಾಕು, ಬೆಕ್ಕು ಸಾಯಬಹುದು. ಮೈ ಬಿಸಿ ಅನ್ನಿಸಿತು ಅಂತ ಯಾರೋ ಕರುಣೆಯಿಂದ ಅರ್ಧ ಮಾತ್ರೆ ಕೊಡುವ ಸಾಧ್ಯತೆ ಇದ್ದೇ ಇದೆ. ಬೆಕ್ಕಿನ ಮೈ ಸಹಜವಾಗಿಯೇ ನಮ್ಮದಕ್ಕಿಂತ ಬಿಸಿ, ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಾಯಿಗೆ ಹಾಕುವ ಉಣ್ಣೆ, ಚಿಗಟದ ಔಷಧಿಯೂ ಅಷ್ಟೇ. ಅವುಗಳಲ್ಲಿ ಕೆಲವದರಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ.

5. ಒಂದು ಸಲ ಪ್ರಯೋಗ ಮಾಡಿ ನೋಡಿ

ನೀವು ಮನೆಯಲ್ಲಿರುವಾಗ ಅವರು ಎರಡು ಸಲ ಬರಲಿ. ಮೊದಲ ಸಲ ಬೆಕ್ಕನ್ನು ಮುಟ್ಟುವುದೇ ಬೇಡ, ಕೂತು ಚಹಾ ಕುಡಿದು ಹೋಗಲಿ. ಎರಡನೇ ಸಲ ಎಲ್ಲ ಕೆಲಸ ಅವರೇ ಮಾಡಲಿ, ನೀವು ಬಾಯಿ ಹಾಕದೆ ನೋಡಿ. ಆಮೇಲೆ ಒಂದು ರಾತ್ರಿ ಹೊಸಪೇಟೆಗೋ ಸಂಡೂರಿಗೋ ಹೋಗಿ ಬನ್ನಿ. ಏನಾದರೂ ಎಡವಟ್ಟಾದರೆ ಗಂಟೆ ಎರಡು ಗಂಟೆಯಲ್ಲಿ ವಾಪಸ್ ಬರಬಹುದು. ಪ್ರಯೋಗವನ್ನೇ ಬಿಟ್ಟು ನೇರ ಎಂಟು ದಿನ ತಿರುಪತಿ-ಕನ್ಯಾಕುಮಾರಿ ಟೂರಿಗೆ ಹೋಗುವುದು ಬೇಡ.

ಈ ಸಲವೇ ವಿಡಿಯೋ ಕಳಿಸುವ ಅಭ್ಯಾಸ ಮಾಡಿಸಿ. ಅದರಲ್ಲಿ ಊಟದ ಬಟ್ಟಲು, ನೀರು, ಲಿಟ್ಟರ್ ಬಾಕ್ಸ್ (ಬೆಕ್ಕಿನ ಕಕ್ಕಸಿನ ತಟ್ಟೆ), ಪ್ರತಿಯೊಂದು ಬೆಕ್ಕು, ಕೊನೆಗೆ ಬೀಗ ಹಾಕಿದ ಬಾಗಿಲು ಇರಬೇಕು. ಎರಡು ಬೆಕ್ಕಿದ್ದರೆ ಎರಡನ್ನೂ ಕಣ್ಣಿಂದ ನೋಡಬೇಕು. "ಎಲ್ಲೋ ಮಲಗಿರಬೇಕು" ಅನ್ನುವುದು ನಡೆಯುವುದಿಲ್ಲ. ಬೀರುವಿನೊಳಗೆ, ವಾಷಿಂಗ್ ಮಷಿನ್ನಿನಲ್ಲಿ, ಮಂಚದ ಬಾಕ್ಸಿನಲ್ಲಿ ಸಿಕ್ಕಿಕೊಂಡ ಬೆಕ್ಕೂ ಎಲ್ಲೋ ಮಲಗಿದ ಹಾಗೇ ಕಾಣುತ್ತದೆ.

6. ಒಂದೇ ಹಾಳೆಯಲ್ಲಿ ಬರೆದಿಡಿ

ನಾಲ್ಕು ಪುಟ ಬರೆದರೆ ಯಾರೂ ಓದುವುದಿಲ್ಲ. ಒಂದು ಹಾಳೆ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಅವರಿಗೆ ತೆಲುಗು, ಉರ್ದು ಸಲೀಸಾದರೆ ಆ ಭಾಷೆಯಲ್ಲೇ ವಾಯ್ಸ್ ಮೆಸೇಜ್ ಕೂಡ ಕಳಿಸಿ.

ಊಟ ಎಷ್ಟು ಅನ್ನುವುದನ್ನು ಅಳತೆಯ ಲೋಟದಲ್ಲಿ ತೋರಿಸಿ. ಇನ್ನೂ ಒಳ್ಳೆಯದೆಂದರೆ ಒಂದೊಂದು ಹೊತ್ತಿನದ್ದನ್ನು ಒಂದೊಂದು ಡಬ್ಬಿಗೆ ಹಾಕಿಡಿ. ಪೌಚಿನಲ್ಲಿ ಬರುವ ಒದ್ದೆ ಊಟ ಬೇಸಿಗೆಯಲ್ಲಿ ಬೇಗ ಕೆಡುತ್ತದೆ. ಅವರು ಇರುವಷ್ಟು ಹೊತ್ತು ಇಟ್ಟು, ಉಳಿದದ್ದನ್ನು ತೆಗೆದುಬಿಡಬೇಕು. ಒಣ ಊಟಕ್ಕೆ ಇರುವೆ ಮುತ್ತದಂತೆ ಬಟ್ಟಲನ್ನು ನೀರಿರುವ ತಟ್ಟೆಯಲ್ಲಿ ಇಡುವ ನಮ್ಮ ಹಳೇ ಉಪಾಯ ಸಾಕು.

ಕಕ್ಕಸಿನ ತಟ್ಟೆಯಲ್ಲಿ ಹರಡುವ ಮರಳಿನಂಥ ಪುಡಿಯೇ ಲಿಟ್ಟರ್. ಎಷ್ಟು ಬೆಕ್ಕೋ ಅದಕ್ಕಿಂತ ಒಂದು ಜಾಸ್ತಿ ತಟ್ಟೆ ಇರಲಿ. ಒದ್ದೆಯಾದರೆ ಉಂಡೆ ಕಟ್ಟುವ ಜೇಡಿಯ ಲಿಟ್ಟರ್ ಬಳಸುತ್ತಿದ್ದರೆ ಅದೊಂದು ಅನುಕೂಲ: ದಿನಾ ಎಷ್ಟು ಉಂಡೆ ಸಿಕ್ಕಿತು ಅಂತ ಎಣಿಸಬಹುದು. ಎಣಿಸಿ ಬರೆದಿಡಲು ಹೇಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ತೆಗೆದದ್ದು ಕಸದ ಬುಟ್ಟಿಗೆ, ಟಾಯ್ಲೆಟ್ಟಿಗೆ ಅಲ್ಲ, ಪೈಪು ಕಟ್ಟಿಕೊಳ್ಳುತ್ತದೆ. ಹೊರಡುವ ವಾರ ಹೊಸ ಬ್ರ್ಯಾಂಡಿನ ಲಿಟ್ಟರ್, ಹೊಸ ಊಟ ಎರಡೂ ಬೇಡ.

ಬೆಕ್ಕು ಕಚ್ಚಿದರೆ, ಪರಚಿದರೆ 15 ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಡಾಕ್ಟರ ಹತ್ತಿರ ಹೋಗಬೇಕು ಅನ್ನುವುದೂ ಹಾಳೆಯಲ್ಲಿರಲಿ. ಆ ಖರ್ಚು ನಿಮ್ಮದು ಅಂತಲೂ ಬರೆಯಿರಿ.

7. ವೈದ್ಯರ ವ್ಯವಸ್ಥೆ

ಎಲ್ಲ ಪಶುವೈದ್ಯರೂ ಬೆಕ್ಕು ನೋಡುವುದಿಲ್ಲ. ಹಸು ಎಮ್ಮೆ ಕುರಿಯಲ್ಲೇ ಕೈ ಪಳಗಿದವರು ಜಾಸ್ತಿ. ನಿಮ್ಮ ವೈದ್ಯರು ಭಾನುವಾರ ಸಿಗುತ್ತಾರಾ, ರಾತ್ರಿ ಫೋನ್ ಎತ್ತುತ್ತಾರಾ ಅಂತ ಮೊದಲೇ ಕೇಳಿ. ಇಲ್ಲ ಅಂದರೆ ಇನ್ನೊಬ್ಬರ ನಂಬರೂ ಇರಲಿ. ಸರ್ಕಾರಿ ಪಶು ಆಸ್ಪತ್ರೆಯ ಸಮಯವನ್ನೂ ಬರೆದಿಡಿ. 1962ಕ್ಕೆ ಫೋನ್ ಮಾಡಿದರೆ ಬರುವ ಸರ್ಕಾರದ ಪಶು ಸಂಚಾರಿ ವಾಹನ ಮುಖ್ಯವಾಗಿ ಹಳ್ಳಿಯ ದನಕರುಗಳಿಗೆ. ಬೆಕ್ಕಿಗೆ ಅದನ್ನೇ ನಂಬಿ ಕೂರಬೇಡಿ. ದೊಡ್ಡ ಆಪರೇಷನ್ ಅಂದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಹೋಗಬೇಕಾಗಬಹುದು. ಅದು ಸುಮಾರು 300 ಕಿ.ಮೀ. ಹಾಗಾಗಿ ತೊಂದರೆಯನ್ನು ಬೇಗ ಗುರುತಿಸುವುದೇ ನಮ್ಮ ಕೈಲಿರುವುದು. ನೋಡಿಕೊಳ್ಳುವವರಿಗೆ ಈ ಮೂರನ್ನು ಬಾಯಿಪಾಠ ಮಾಡಿಸಿ.

ಮೊದಲನೆಯದು ಮೂತ್ರ ಕಟ್ಟುವುದು. ಗಂಡು ಬೆಕ್ಕುಗಳಲ್ಲಿ ಇದು ಜಾಸ್ತಿ. ತಟ್ಟೆಗೆ ಪದೇ ಪದೇ ಹೋಗಿ ಕೂರುತ್ತದೆ, ತಿಣುಕುತ್ತದೆ, ಕೂಗುತ್ತದೆ, ಒಂದು ಹನಿಯೂ ಬರುವುದಿಲ್ಲ. ಉಂಡೆ ಎಣಿಸಲು ಹೇಳಿದ್ದು ಇದಕ್ಕೇ. ಮಲಬದ್ಧತೆ ಅಂದುಕೊಂಡು ಹರಳೆಣ್ಣೆ ಕುಡಿಸುತ್ತಾ ಕೂತರೆ ಒಂದೆರಡು ದಿನದಲ್ಲಿ ಬೆಕ್ಕು ಸಾಯುತ್ತದೆ. ಅದೇ ಗಂಟೆಗೆ ವೈದ್ಯರ ಹತ್ತಿರ ಒಯ್ಯಬೇಕು.

ಎರಡನೆಯದು ಶಾಖದ ಹೊಡೆತ. ಬೆಕ್ಕು ನಾಯಿಯಂತೆ ಬಾಯಿ ತೆರೆದು ತೇಕುತ್ತಿದ್ದರೆ, ಜೊಲ್ಲು ಸುರಿಸಿ ತೂರಾಡುತ್ತಿದ್ದರೆ ತಂಪಾದ ನೆಲಕ್ಕೆ ತಂದು, ಪಾದ, ಕಿವಿ, ಹೊಟ್ಟೆಗೆ ತಣ್ಣೀರು ಸವರಿ, ಫ್ಯಾನ್ ಹಾಕಿ ವೈದ್ಯರಿಗೆ ಫೋನ್ ಮಾಡಬೇಕು. ಐಸ್ ನೀರು ಸುರಿಯಬಾರದು.

ಮೂರನೆಯದು 24 ಗಂಟೆ ಏನೂ ತಿನ್ನದೆ ಇರುವುದು. "ನಿಮ್ಮನ್ನು ನೆನೆಸಿಕೊಂಡು ಬೇಜಾರಾಗಿದೆ" ಅನ್ನುವ ಸಮಾಧಾನ ಬೇಡ, ನಿಮಗೆ ಫೋನ್ ಬರಬೇಕು.

ಬೆಕ್ಕನ್ನು ಒಯ್ಯುವ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಹಾಲಿನಲ್ಲೇ ತೆರೆದಿಡಿ. ಬೆಕ್ಕು ಅದರಲ್ಲಿ ಮಲಗಿ ರೂಢಿಯಾಗಲಿ. "ನಾನು ಫೋನಿಗೆ ಸಿಗದಿದ್ದರೆ ಇಷ್ಟು ರೂಪಾಯಿವರೆಗೆ ಚಿಕಿತ್ಸೆ ಮಾಡಿ, ಹಣ ನಾನು ಕೊಡುತ್ತೇನೆ" ಅಂತ ವೈದ್ಯರಿಗೆ ಬರೆದು ಸಹಿ ಹಾಕಿದ ಚೀಟಿ ಲಸಿಕೆ ಕಾರ್ಡಿನ ಜೊತೆ ಇಡಿ. ರೈಲಿನಲ್ಲಿ ರಾತ್ರಿಯಿಡೀ ಸಿಗ್ನಲ್ ಇಲ್ಲದಿರುವುದು ನಿಮಗೂ ಗೊತ್ತು.

8. ದುಡ್ಡು ಮತ್ತು ಕೀಲಿ

"ಏನಾದರೂ ಕೊಡ್ತೀನಿ ಬಿಡಿ" ಅನ್ನಬೇಡಿ. ದಿನಕ್ಕೆ ಇಷ್ಟು, ಹಬ್ಬದ ದಿನ ಇಷ್ಟು, ಆಟೋ ಖರ್ಚು ಬೇರೆ ಅಂತ ಮೊದಲೇ ಮಾತಾಡಿ, ಅರ್ಧ ಮುಂಗಡ ಕೊಡಿ. ಪಕ್ಕದ ಮನೆ ಅಕ್ಕ ದುಡ್ಡು ಮುಟ್ಟುವುದಿಲ್ಲ ಅಂದರೆ ಬರುವಾಗ ಸೀರೆಯೋ ಸ್ವೀಟೋ ತನ್ನಿ, ಬರಿಗೈಯಲ್ಲಿ ಬರಬೇಡಿ. ಒಡವೆ, ಕಾಗದಪತ್ರ ಲಾಕರಿಗೆ. ಇದು ಅವರ ಮೇಲಿನ ಅನುಮಾನಕ್ಕಲ್ಲ, ನಾಳೆ ಏನಾದರೂ ಕಾಣದಿದ್ದರೆ ಅವರ ಮೇಲೆ ಮಾತು ಬರಬಾರದು ಅಂತ. ಕೀಲಿಯನ್ನು ಅವರ ಕೈಯಲ್ಲೇ ಒಮ್ಮೆ ತಿರುಗಿಸಿ ನೋಡಿಸಿ. ಹೊಸ ನಕಲಿ ಕೀಲಿ ಹಳೇ ಬೀಗದಲ್ಲಿ ಸಿಕ್ಕಿಕೊಳ್ಳುವುದು ಯಾವಾಗಲೂ ನೀವು ಗುಂತಕಲ್ ದಾಟಿದ ಮೇಲೆಯೇ.

9. ತಪ್ಪಿಸಿಕೊಂಡರೆ

ಎಷ್ಟೇ ಎಚ್ಚರ ವಹಿಸಿದರೂ ಆಗಬಹುದು. ಹೆದರಿ ಮುಚ್ಚಿಡಬೇಡಿ, ಕೂಡಲೇ ಫೋನ್ ಮಾಡಿ ಅಂತ ಅವರಿಗೆ ಮೊದಲೇ ಧೈರ್ಯ ಕೊಟ್ಟಿರಿ. ಒಳಗೇ ಬೆಳೆದ ಬೆಕ್ಕು ದೂರ ಓಡುವುದು ಕಡಿಮೆ. ಮೆಟ್ಟಿಲ ಕೆಳಗೆ, ನಿಂತ ಬೈಕಿನ ಹಿಂದೆ, ಪಕ್ಕದ ಕಾಂಪೌಂಡಿನ ಇಟ್ಟಿಗೆ ರಾಶಿಯಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತದೆ. ಹೆಸರು ಕೂಗಿ ಹತ್ತು ಜನ ಅಟ್ಟಿಸಿಕೊಂಡು ಹೋದರೆ ಬೀದಿ ನಾಯಿಗಳೂ ಸೇರಿಕೊಳ್ಳುತ್ತವೆ. ರಾತ್ರಿ ಓಣಿ ತಣ್ಣಗಾದ ಮೇಲೆ ಒಬ್ಬರೇ ಹೋಗಿ ಊಟದ ಡಬ್ಬಿ ಅಲ್ಲಾಡಿಸಬೇಕು, ಟಾರ್ಚ್ ಹಾಕಿ ಕಣ್ಣಿನ ಹೊಳಪು ಹುಡುಕಬೇಕು. ಎದುರಿನಿಂದ ಮತ್ತು ಎರಡೂ ಪಕ್ಕದಿಂದ ತೆಗೆದ ಫೋಟೋ ಅವರ ಮೊಬೈಲಿನಲ್ಲಿರಲಿ.

10. ವಾಪಸ್ ಬಂದ ದಿನ

ಬೆಕ್ಕು ಮುನಿಸಿಕೊಂಡು ಹತ್ತಿರ ಬರದಿದ್ದರೆ ಅದರ ಪಾಡಿಗೆ ಬಿಡಿ. ಮೊದಲು ತಟ್ಟೆ, ಬಟ್ಟಲು, ಬರೆದಿಟ್ಟ ಲೆಕ್ಕ ನೋಡಿ. ಸಾಧ್ಯವಾದರೆ ತೂಕ ಮಾಡಿ: ಮೊದಲು ನೀವೊಬ್ಬರೇ ತಕ್ಕಡಿ ಹತ್ತಿ, ಆಮೇಲೆ ಬೆಕ್ಕನ್ನು ಎತ್ತಿಕೊಂಡು ಹತ್ತಿ, ವ್ಯತ್ಯಾಸ ಬರೆದುಕೊಳ್ಳಿ. ಉಳಿದ ಹಣವನ್ನು ಅದೇ ದಿನ ಕೊಡಿ. ಏನಾದರೂ ಸರಿ ಕಾಣದಿದ್ದರೆ ಆಗಲೇ ಹೇಳಿ, ಓಣಿಯವರ ಹತ್ತಿರ ಅಲ್ಲ, ಅವರ ಹತ್ತಿರ. ಚೆನ್ನಾಗಿ ನೋಡಿಕೊಂಡಿದ್ದರೆ ಮುಂದಿನ ಹಬ್ಬದ ದಿನಾಂಕ ಅಲ್ಲೇ ಹೇಳಿಬಿಡಿ. ದೀಪಾವಳಿಗೆ ಪಟಾಕಿ ಸದ್ದಿಗೆ ಬೆದರುವ ಬೆಕ್ಕಾದರೆ ಆ ರಾತ್ರಿಗಳಲ್ಲಿ ಅವರು ಮನೆಯಲ್ಲೇ ಉಳಿಯಲು ಆಗುತ್ತದಾ ಅಂತ ಈಗಲೇ ಕೇಳಿ. ಅಕ್ಟೋಬರಿನಲ್ಲಿ ಕೇಳಿದರೆ ಅವರು ತಮ್ಮ ಊರಿನ ಬಸ್ಸಿಗೆ ಸೀಟು ಹಿಡಿದಿರುತ್ತಾರೆ.